ಕ್ಯಾಶ್ ಟ್ಯಾಲಿ ಆಗದ ಕನಸು: ಒಂದು ಪ್ರಕರಣ

ಮೇ ಮಧ್ಯದ ಒಂದು ಸಂಜೆ. ಜೋರು ಮಳೆ. ಗಂಡ ಹೆಂಡತಿ ಒಂದೇ ಕೊಡೆಯಲ್ಲಿ ಅರ್ಧರ್ಧ ನೆನೆದು ಉಡುಪಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದರು. ಶ್ರೀಧರಣ್ಣ ಕುರ್ಚಿಯ ತುದಿಯಲ್ಲಿ ಕೂತು ಕರ್ಚೀಫಿನಿಂದ ಕನ್ನಡಕ ಒರೆಸತೊಡಗಿದರು. ಮಾತಾಡಿದ್ದು ಶಾಂತಕ್ಕ.

"ಇವರಿಗೆ ಒಂದೇ ಕನಸು ಮೇಡಂ. ಫೆಬ್ರವರಿಯಿಂದ ಶುರುವಾದದ್ದು. ವಾರಕ್ಕೆ ಒಂದು ಸಲವಾದ್ರೂ ಬೀಳ್ತದೆ. ನಾಲ್ಕು ಗಂಟೆಗೆ ಎದ್ದು ಕೂತು ಕತ್ತಲಲ್ಲಿ ಬೆರಳಲ್ಲೇ ನೋಟು ಎಣಿಸ್ತಾರೆ. ನೋಡಿದ್ರೆ ನನಗೆ ಹೆದರಿಕೆ ಆಗ್ತದೆ."

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಇನ್ನೂ ಕೆಲವು ಗುರುತು ಬದಲಿಸಿದ್ದೇನೆ. ಅಂಕಿಗಳನ್ನೂ ಬದಲಿಸಬೇಕು ಅಂದಾಗ ಶ್ರೀಧರಣ್ಣನಿಗೆ ಸ್ವಲ್ಪ ಬೇಸರವಾಯಿತು. "ಬದಲಿಸಿ, ಆದ್ರೆ ಕೂಡಿಸಿ ಕಳೆದಾಗ ಸರಿ ಬರ್ಬೇಕು" ಅಂದರು.

ಅವರಿಗೆ 63 ವರ್ಷ. ಬ್ಯಾಂಕಿನಲ್ಲಿ 38 ವರ್ಷ ಕೆಲಸ, ಅದರಲ್ಲಿ ಹೆಚ್ಚಿನ ಕಾಲ ಕ್ಯಾಶ್ ಕೌಂಟರಿನಲ್ಲಿ. 2021ರಲ್ಲಿ ರಿಟೈರ್ ಆದರು. ನಮ್ಮ ಕಡೆ ಇದೇನೂ ವಿಶೇಷ ಅಲ್ಲ. 1906ರಿಂದ 1931ರ ಒಳಗೆ, ಬರೇ 25 ವರ್ಷದಲ್ಲಿ, ಮಂಗಳೂರು ಮತ್ತು ಉಡುಪಿಯಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಇಲ್ಲಿ ಯಾವ ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯಲ್ಲಿ ಒಬ್ಬ ರಿಟೈರ್ಡ್ ಬ್ಯಾಂಕಿನವರು ಸಿಗುತ್ತಾರೆ.

ಕನಸು ಹೀಗೆ. ಸಂಜೆ ಹೊತ್ತು, ಶಟರ್ ಅರ್ಧ ಇಳಿದಿದೆ. ಕೌಂಟರಿನಲ್ಲಿ ಇವರೊಬ್ಬರೇ. ನೂರು ನೋಟಿನ ಪ್ಯಾಕೆಟ್ ಬಿಚ್ಚಿ ಎಣಿಸಿದರೆ 97. ಮತ್ತೆ ಎಣಿಸಿದರೆ 98. ಬೆರಳು ಒದ್ದೆ ಮಾಡುವ ಸ್ಪಂಜು ಒಣಗಿ ಕಲ್ಲಾಗಿದೆ. ಪುಸ್ತಕದ ಲೆಕ್ಕಕ್ಕೂ ಕೈಯಲ್ಲಿರುವ ದುಡ್ಡಿಗೂ ತಾಳೆ ಬೀಳುವುದಿಲ್ಲ. ಹೊರಗೆ ಊರಿನ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿದೆ. ಕಂಡಕ್ಟರ್ "ರೈಟ್ ಪೋಯಿ" ಅಂತ ಕೂಗುತ್ತಾನೆ, ಆದರೆ ಬಸ್ಸು ಹೊರಡುವುದಿಲ್ಲ. ಒಳಗಿದ್ದವರೆಲ್ಲ ಕಿಟಕಿಯಿಂದ ಇವರನ್ನೇ ನೋಡುತ್ತಾರೆ. ಯಾರೂ ಬೈಯುವುದಿಲ್ಲ. ಏನೂ ಕೇಳುವುದಿಲ್ಲ. ಅಷ್ಟರಲ್ಲಿ ಎಚ್ಚರ.

ನನ್ನ ಹತ್ತಿರ ಬರುವ ಮೊದಲು

ನೇರ ಕೌನ್ಸೆಲರ್ ಹತ್ತಿರ ಬರುವವರು ನಮ್ಮಲ್ಲಿ ಕಡಿಮೆ. ಇವರೂ ಸುತ್ತಿ ಬಳಸಿಯೇ ಬಂದದ್ದು. ಮೊದಲು ಸ್ವಪ್ನಫಲದ ಒಂದು ಪುಸ್ತಕ ನೋಡಿದರು. ದುಡ್ಡು ಕಳೆದುಹೋದ ಹಾಗೆ ಕನಸು ಬಿದ್ದರೆ ಧನಲಾಭ ಅಂತ ಅದರಲ್ಲಿ ಇತ್ತಂತೆ. ಮೊಬೈಲಿನಲ್ಲಿ ಕಂಡ ವಿಡಿಯೋದವರು ಅದೇ ಕನಸಿಗೆ ಧನನಷ್ಟ ಅಂದರು. "ಎರಡನ್ನೂ ಕೂಡಿಸಿದ್ರೆ ಸೊನ್ನೆ" ಅಂತ ಶ್ರೀಧರಣ್ಣ ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತು ನೋಡಿದ್ದು ಅದೊಂದೇ ಸಲ.

ಆಮೇಲೆ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ನೋಡಿಸಿದರು. ಹಿರಿಯರಿಗೆ ಸಲ್ಲಬೇಕಾದದ್ದು ಬಾಕಿ ಉಂಟು, ತುಳುವರ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸಿ ಅಂದರಂತೆ. ಅದಕ್ಕೆ ನಾನು ಎದುರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. 'ಏನೋ ಬಾಕಿ ಉಂಟು' ಎಂಬ ಮಾತು ಅಷ್ಟೇನೂ ತಪ್ಪಲ್ಲ ಅಂತ ಆಮೇಲೆ ನನಗೇ ಅನಿಸಿತು.

ಶಾಂತಕ್ಕನಿಗೆ ಇನ್ನೊಂದು ಭಯ. ಬೆಳಗಿನ ಜಾವದ ಕನಸು ನಿಜವಾಗ್ತದೆ ಅಂತಾರಲ್ಲ? ಇದಕ್ಕೆ ಮಾತ್ರ ಉತ್ತರ ಸುಲಭ. 1953ರಲ್ಲಿ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು, ನಿದ್ದೆಯ ನಡುವೆ ಕಣ್ಣುಗುಡ್ಡೆಗಳು ರೆಪ್ಪೆಯೊಳಗೇ ಚುರುಕಾಗಿ ಓಡಾಡುವ ಹೊತ್ತೊಂದಿದೆ ಅಂತ ತೋರಿಸಿಕೊಟ್ಟರು. ಅದಕ್ಕೆ ರೆಮ್ ನಿದ್ದೆ ಅನ್ನುತ್ತಾರೆ. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಸುಮಾರು 90 ನಿಮಿಷಕ್ಕೊಮ್ಮೆ ಅದು ಬರುತ್ತದೆ. ರಾತ್ರಿಯ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಕನಸೂ ಜಾಸ್ತಿ. ಆಗಲೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುವುದೂ ಅದೇ. ನಿಜವಾಗುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಾಗಂತ ಕನಸು ಬರೇ ಸುಳ್ಳು ಅಂತಲೂ ಉಡುಪಿಯಲ್ಲಿ ಕೂತು ಹೇಳುವ ಹಾಗಿಲ್ಲ. ಮಧ್ವಾಚಾರ್ಯರ ಮತದಲ್ಲಿ ಕನಸೂ ಸತ್ಯವೇ. ಮನಸ್ಸಿನಲ್ಲಿ ಉಳಿದ ವಾಸನೆಗಳಿಂದಲೇ ಅದು ಆದದ್ದು, ಅದನ್ನು ಹೊರಗಿನ ವಸ್ತು ಅಂದುಕೊಳ್ಳುವುದಷ್ಟೇ ಭ್ರಮೆ. ನನ್ನ ಕೆಲಸಕ್ಕೆ ಈ ಮಾತು ತುಂಬ ಹತ್ತಿರ. ಕನಸಿನ ನೋಟು ಯಾವ ಬ್ಯಾಂಕಿನದ್ದೂ ಅಲ್ಲ. ಆದರೆ ಅದು ಯಾವ ಸರಕಿನಿಂದ ಆಯಿತೋ ಆ ಸರಕು ಅವರ ಮನಸ್ಸಿನೊಳಗೆ ಇರಲೇಬೇಕು.

ಮೊದಲು ದೇಹ

ಅರ್ಥ ಹುಡುಕುವ ಮೊದಲು ನಾನು ಮಾತ್ರೆಯ ಚೀಟಿ ಕೇಳುತ್ತೇನೆ. ಜನವರಿಯಲ್ಲಿ ಬಿಪಿಗೆ ಮೆಟೊಪ್ರೊಲಾಲ್ ಶುರುವಾಗಿತ್ತು, ರಾತ್ರಿ ಊಟದ ಜೊತೆ. ಈ ಜಾತಿಯ ಕೆಲವು ಮಾತ್ರೆಗಳಿಂದ ಕೆಲವರಿಗೆ ಕನಸುಗಳು ಬಹಳ ಗಾಢವಾಗಿ ಬೀಳುವುದು ಗೊತ್ತಿರುವ ವಿಷಯ. ಅದನ್ನು ತಾನಾಗಿ ನಿಲ್ಲಿಸಬಾರದು, ಹೃದಯಕ್ಕೆ ಅಪಾಯ. ಕೊಟ್ಟ ಡಾಕ್ಟರಿಗೇ ತೋರಿಸಿ ಅಂದೆ.

ಇನ್ನೊಂದು ಅನುಮಾನ ಆ ಬೆರಳಿನ ಆಟದ ಬಗ್ಗೆ. ರೆಮ್ ನಿದ್ದೆಯಲ್ಲಿ ನಮ್ಮ ಕೈಕಾಲಿನ ಸ್ನಾಯುಗಳು ಸಡಿಲ ಬಿದ್ದಿರುತ್ತವೆ. ಹಾಗಾಗಿ ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಓಡುವುದಿಲ್ಲ. ಕೆಲವರಲ್ಲಿ, ಹೆಚ್ಚಾಗಿ 50 ದಾಟಿದ ಗಂಡಸರಲ್ಲಿ, ಈ ತಡೆ ತಪ್ಪುತ್ತದೆ. ನಿದ್ದೆಯಲ್ಲೇ ಬೊಬ್ಬೆ ಹಾಕುತ್ತಾರೆ, ಒದೆಯುತ್ತಾರೆ, ಮಂಚದಿಂದ ಬೀಳುತ್ತಾರೆ. ಶೆಂಕ್ ಮತ್ತು ಮಹೋವಾಲ್ಡ್ ಎಂಬ ಅಮೆರಿಕದ ವೈದ್ಯರು 1986ರಲ್ಲಿ ಇದನ್ನು ಒಂದು ಕಾಯಿಲೆಯಾಗಿ ಗುರುತಿಸಿದರು. ಮುಂದೆ ಪಾರ್ಕಿನ್ಸನ್ಸ್ ಬರುವುದರ ಮುನ್ಸೂಚನೆಯೂ ಆಗಿರಬಹುದಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನ್ಯೂರಾಲಜಿಸ್ಟ್ ನೋಡಿ ಅಂಥದ್ದೇನೂ ಇಲ್ಲ ಅಂದರು. ಶ್ರೀಧರಣ್ಣ ಎಣಿಸುತ್ತಿದ್ದದ್ದು ಎಚ್ಚರವಾದ ಮೇಲೆ. "ಕನಸಲ್ಲಿ ಎಣಿಕೆ ಅರ್ಧಕ್ಕೆ ನಿಂತಿರ್ತದೆ ಮೇಡಂ. ಮುಗಿಸದೆ ಮಲಗುದು ಹೇಗೆ?"

ಬಿಪಿ ಮಾತ್ರೆ ಬದಲಾಯಿತು. ಕನಸಿನ ಬಣ್ಣ ಸ್ವಲ್ಪ ಮಾಸಿತು. ಮುಂಚೆ ನೋಟಿನ ವಾಸನೆ ಕೂಡ ಬರುತ್ತಿತ್ತಂತೆ, ಅದು ಹೋಯಿತು. ಆದರೆ ಶಟರ್, ಸ್ಪಂಜು, ಬಸ್ಸು ಎಲ್ಲ ಹಾಗೇ ಉಳಿದವು.

ನಾನು ದಾರಿ ತಪ್ಪಿದ್ದು

ಎರಡನೇ ಸಲ ಬಂದಾಗ, ಸರ್ವಿಸಿನಲ್ಲಿ ನಿಜವಾಗಿ ಯಾವಾಗಲಾದರೂ ಶಾರ್ಟ್ ಬಂದದ್ದುಂಟಾ ಅಂತ ಕೇಳಿದೆ. ಒಂದೇ ಒಂದು ಸಲ, ನವೆಂಬರ್ 2016ರಲ್ಲಿ. ನೋಟು ರದ್ದಾದ ಮೊದಲ ವಾರ. ಶನಿವಾರ ಭಾನುವಾರವೂ ಬ್ಯಾಂಕ್ ತೆರೆದಿತ್ತು. ಕ್ಯೂ ರಸ್ತೆಗೆ ಬಂದಿತ್ತು. ಸಂಜೆ ಲೆಕ್ಕ ಹಾಕಿದಾಗ ₹9,500 ಶಾರ್ಟ್.

ಶಾರ್ಟ್ ಬಂದರೆ ಮಾಡಬೇಕಾದ್ದು ಕ್ಯಾಷಿಯರಿಗೆ ಗೊತ್ತಿರುತ್ತದೆ. ಕಡಿಮೆ ಬಿದ್ದದ್ದನ್ನು ಸಸ್ಪೆನ್ಸ್ ಖಾತೆಗೆ, ಅಂದರೆ ಲೆಕ್ಕ ಸಿಗದ ದುಡ್ಡನ್ನು ಸದ್ಯಕ್ಕೆ ಬರೆದಿಡುವ ಖಾತೆಗೆ ಹಾಕಿ, ಸಹಿ ಮಾಡಿ, ಮೇಲಿನವರಿಗೆ ತಿಳಿಸುವುದು. ಆದರೆ ಮೇಲಿನವರು ಅವತ್ತು "ಬರೆಯುದೆಲ್ಲ ಬೇಡ ಮಾರಾಯ್ರೆ, ಅಡ್ಜಸ್ಟ್ ಮಾಡಿ" ಅಂದರು. ಇವರು ಎಟಿಎಂನಿಂದ ಸಿಕ್ಕಷ್ಟು, ಅಣ್ಣನ ಹತ್ತಿರ ಉಳಿದಷ್ಟು ತಂದು ಕಟ್ಟಿದರು. ಟ್ಯಾಲಿ ಆಯಿತು. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿತು.

ಬಸ್ಸು ಅಂದದ್ದೇ ತಡ, ನನಗೆ ಎಲ್ಲ ಸಿಕ್ಕಿತು ಅನಿಸಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ಮುಂದಿನ ಎರಡು ಸೆಷನ್ ಪೂರ್ತಿ ಆ ಒಂದು ದಿನದ ಮೇಲೆಯೇ ಕಳೆದೆ. ಅವಮಾನ ಆಯಿತಾ, ಸಿಟ್ಟು ಬಂತಾ, ಯಾರ ಮೇಲೆ ಬಂತು. ಅವರು ಪ್ರತಿಯೊಂದಕ್ಕೂ "ಹೌದು ಮೇಡಂ" ಅಂದರು. ಬ್ಯಾಂಕಿನವರ ಸೌಜನ್ಯ ಅದು. ಕನಸು ಒಂದು ಗುಲಗಂಜಿಯಷ್ಟೂ ಅಲ್ಲಾಡಲಿಲ್ಲ.

ತಪ್ಪು ಸರಳವಾಗಿತ್ತು. 2016ರ ಗಾಯಕ್ಕೆ ಈ ವರ್ಷದ ಫೆಬ್ರವರಿಯಲ್ಲಿ ಕನಸು ಯಾಕೆ ಬೀಳಬೇಕು? ಆ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ. ಪರೀಕ್ಷೆಯ ಕನಸಿನ ಬಗ್ಗೆ ಫ್ರಾಯ್ಡ್ ನೂರು ವರ್ಷಕ್ಕೂ ಹಿಂದೆ ಹೇಳಿದ ಒಂದು ಮಾತಿದೆ: ಫೇಲಾದ ಪರೀಕ್ಷೆ ಅಲ್ಲ, ಪಾಸಾದ ಪರೀಕ್ಷೆಯೇ ಕನಸಿಗೆ ಬರುತ್ತದೆ, ಅದೂ ಮರುದಿನ ಯಾವುದೋ ಹೊಣೆಯ ಕೆಲಸ ಕಾದಿರುವಾಗ. ಫ್ರಾಯ್ಡ್ ಹೇಳಿದ ಬಹಳಷ್ಟನ್ನು ನಾನು ಒಪ್ಪುವುದಿಲ್ಲ. ಇದು ಮಾತ್ರ ಪದೇ ಪದೇ ನೆನಪಾಗುತ್ತದೆ. ಕನಸಿನ ಸೀನು ಹಳೆಯದಿರಬಹುದು. ಬೆಂಕಿಯಿಂದ ಪಾರಾದವರ ಕನಸಿನಲ್ಲಿ ಬೆಂಕಿಯ ಬದಲು ದೊಡ್ಡ ಅಲೆ ಬಂದು ಹೊಡೆದುಕೊಂಡು ಹೋಗುವುದನ್ನು ಹಾರ್ಟ್‌ಮನ್ ಎಂಬ ಅಮೆರಿಕದ ಮನೋವೈದ್ಯ ವಿವರಿಸಿದ್ದಾರೆ. ಹೆದರಿಕೆ ಅದೇ, ಅದು ಹಾಕಿಕೊಳ್ಳುವ ವೇಷ ಬೇರೆ. ಹಾಗಾದರೆ ಶ್ರೀಧರಣ್ಣನ ಈಗಿನ ಯಾವುದೋ ಸಂಕಟ ಬ್ಯಾಂಕಿನ ವೇಷ ಹಾಕಿಕೊಂಡು ಬರುತ್ತಿರಬಹುದಲ್ವಾ?

ಲೆಡ್ಜರು

ಕನಸಿನ ಡೈರಿ ಬರೆಯಿರಿ ಅಂದೆ. ಮುಂದಿನ ಸಲ ಅವರು ತಂದದ್ದು ಡೈರಿ ಅಲ್ಲ, ಉದ್ದ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೀಟು ಎಳೆದ ಲೆಡ್ಜರು. ತಾರೀಕು, ವಾರ, ಎಚ್ಚರವಾದ ಗಂಟೆ, ಶಾರ್ಟ್ ಎಷ್ಟು, ರಾತ್ರಿ ಊಟ ಏನು, ಹಿಂದಿನ ದಿನದ ಕೆಲಸ, ಷರಾ. ಪ್ರತಿ ಪುಟದ ಕೆಳಗೆ ಚಿಕ್ಕ ಸಹಿ. ಇಷ್ಟು ಚಂದದ ಕನಸಿನ ದಾಖಲೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಆರು ವಾರದಲ್ಲಿ ಒಂಬತ್ತು ಎಂಟ್ರಿ. ಆರು, ಭಾನುವಾರ ರಾತ್ರಿ ಮಲಗಿ ಸೋಮವಾರ ಬೆಳಗಿನ ಜಾವ ಎದ್ದದ್ದು.

"ಭಾನುವಾರ ಏನಿರ್ತದೆ ಶ್ರೀಧರಣ್ಣ?"

"ದೇವಸ್ಥಾನದ ಮೀಟಿಂಗು. ಗೋಳಿಬಜೆ ಕೊಡ್ತಾರೆ. ಅದರ ಗ್ಯಾಸ್ ಇರ್ಬೇಕು ಅಂದ್ಕೊಂಡೆ." ಊಟದ ಕಾಲಮ್ಮಿನಲ್ಲೂ ಹಾಗೇ ಬರೆದಿದ್ದರು: ಗೋಳಿಬಜೆ 4.

ಊರಿನ ದೇವಸ್ಥಾನದ ಜೀರ್ಣೋದ್ಧಾರ ಆಗಿ ಏಪ್ರಿಲಿನಲ್ಲಿ ಬ್ರಹ್ಮಕಲಶ ಮುಗಿದಿತ್ತು. ಬ್ಯಾಂಕಿನಲ್ಲಿದ್ದವರು ಅಂತ ಫೆಬ್ರವರಿಯಲ್ಲಿ ಇವರನ್ನು ಕೋಶಾಧಿಕಾರಿ ಮಾಡಿದ್ದರು. ನಮ್ಮೂರುಗಳಲ್ಲಿ ರಿಟೈರ್ಡ್ ಕ್ಯಾಷಿಯರಿಗೆ ತಪ್ಪದ ಪಟ್ಟ ಅದು. ವಂತಿಗೆ, ಮುಂಬೈ ಸಮಿತಿಯ ದುಡ್ಡು, ಹೊರೆಕಾಣಿಕೆಯ ಲೆಕ್ಕ ಎಲ್ಲ ಇವರ ತಲೆಗೆ. ಈಗ ಆಗಸ್ಟಿನ ಮಹಾಸಭೆಗೆ ಲೆಕ್ಕ ಒಪ್ಪಿಸಬೇಕಿತ್ತು. "ಲೆಕ್ಕ ಸರಿ ಉಂಟಾ?" ಅಂತ ಕೇಳಿದೆ. "ಪೈಸೆ ಪೈಸೆ ಟ್ಯಾಲಿ ಉಂಟು" ಅಂದರು. ಹಾಗೆ ಹೇಳುವಾಗ ಸ್ವರ ಸ್ವಲ್ಪ ಗಟ್ಟಿಯಾಯಿತು.

ನಾನು ಶಾರ್ಟ್ ಕಾಲಮ್ ನೋಡುತ್ತಾ ಕೂತೆ. 'ಮೂರು ನೋಟು.' 'ಲೆಕ್ಕ ಸಿಗಲಿಲ್ಲ.' 'ಸುಮಾರು ಹತ್ತು ಸಾವಿರ.' ಕನಸಿನ ಅಂಕಿಗಳು ಹೀಗೇ, ಹಿಡಿಯ ಹೋದರೆ ಜಾರುತ್ತವೆ. ಆದರೆ ಐದನೇ ಎಂಟ್ರಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ₹14,750 ಅಂತ ಇತ್ತು.

"ಇದೊಂದು ಇಷ್ಟು ಕರೆಕ್ಟಾಗಿ ಹೇಗೆ ಬಂತು?"

ಅವರು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡರು. ನೋಡಿದರು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಓಡತೊಡಗಿತು, ನೋಟು ಎಣಿಸುವ ಹಾಗೆ. ಕೆಳಗೆ ಸಿಟಿ ಬಸ್ಸು ನಿಂತು ಹೋಯಿತು. "ಇದು ಕನಸಿನದ್ದಲ್ಲ ಮೇಡಂ" ಅಂದರು.

ಭಾವನದ್ದು. ಶಾಂತಕ್ಕನ ಅಣ್ಣ, ಸಮಿತಿಯ ಉಪಾಧ್ಯಕ್ಷ. ಅವರ ಕೈಯಲ್ಲಿದ್ದ ರಶೀದಿ ಪುಸ್ತಕದ ಅಡಿಹಾಳೆಗಳ ಮೊತ್ತ ₹38,750. ಕೊಟ್ಟ ದುಡ್ಡು ₹24,000. "ಉಳಿದದ್ದು ಮತ್ತೆ ಕೊಡ್ತೇನೆ" ಅಂದಿದ್ದರು, ಕೊಡಲಿಲ್ಲ. ಕೇಳಲು ಇವರಿಗೆ ಬಾಯಿ ಬರಲಿಲ್ಲ. ತನ್ನ ಪೆನ್ಶನ್ನಿನಿಂದ ತೆಗೆದು ದೇವಸ್ಥಾನದ ಖಾತೆಗೆ ಕಟ್ಟಿಬಿಟ್ಟರು. ಅದಕ್ಕೇ ಟ್ಯಾಲಿ.

ಉಳಿದ ಮೂರು ಎಂಟ್ರಿಗಳನ್ನೂ ಒಟ್ಟಿಗೆ ನೋಡಿದೆವು. ಎರಡು, ಭಾವ ಮನೆಗೆ ಊಟಕ್ಕೆ ಬಂದ ದಿನದ್ದು. ಇನ್ನೊಂದಕ್ಕೆ ಯಾವ ಕಾರಣವೂ ಸಿಗಲಿಲ್ಲ, ಇರಲಿ ಅಂತ ಬಿಟ್ಟೆವು. ಬಸ್ಸಿನಲ್ಲಿ ಕೂತು ಸುಮ್ನೆ ನೋಡುವವರು ಯಾರ ಹಾಗೆ ಕಾಣ್ತಾರೆ ಅಂತ ಕೇಳಿದೆ. ಊರವರ ಹಾಗೆ, ಅಂದರು. ಅಷ್ಟು ಹೊತ್ತಿಗೆ ಅವರಿಗೇ ಗೊತ್ತಾಗಿತ್ತು. ಅವರನ್ನು ಕಾಡಿದ್ದು ಶಾರ್ಟ್ ಅಲ್ಲ. ಶಾರ್ಟ್ ಆದದ್ದನ್ನು ಯಾರಿಗೂ ಗೊತ್ತಾಗದ ಹಾಗೆ ಟ್ಯಾಲಿ ಮಾಡಿದ್ದು. 2016ರಲ್ಲಿ ಒಮ್ಮೆ, ಈಗ ಇನ್ನೊಮ್ಮೆ.

ಹಗಲಲ್ಲಿ ಕನಸು ತಿದ್ದುವುದು

ಮತ್ತೆ ಮತ್ತೆ ಬೀಳುವ ಕೆಟ್ಟ ಕನಸಿಗೆ ಒಂದು ಪಳಗಿದ ವಿಧಾನ ಇದೆ. ಅಮೆರಿಕದ ಬ್ಯಾರಿ ಕ್ರಾಕೋ ಮತ್ತು ಅವರ ಜೊತೆಯವರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರಲ್ಲಿ ಇದನ್ನು ಮಾಡಿ ನೋಡಿ, 2001ರಲ್ಲಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಮಾಡುವುದು ಇಷ್ಟೇ: ಎಚ್ಚರದಲ್ಲಿ ಕೂತು ಕನಸನ್ನು ಬರೆಯಬೇಕು. ಎಲ್ಲಿ ಬೇಕೋ ಅಲ್ಲಿ ನಿಮಗೆ ಬೇಕಾದ ಹಾಗೆ ಬದಲಿಸಬೇಕು. ಬದಲಾದ ಕನಸನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡಬೇಕು. ಹಳೆಯದನ್ನು ಮತ್ತೆ ನೋಡುವುದು ಬೇಡ. ದೊಡ್ಡ ಆಘಾತ ಆದವರು ಇದನ್ನು ಒಬ್ಬರೇ ಮನೆಯಲ್ಲಿ ಮಾಡಲು ಹೋಗಬಾರದು, ಜೊತೆಗೆ ತಿಳಿದವರು ಇರಬೇಕು.

ದುಡ್ಡು ಸಿಕ್ಕಿದ ಹಾಗೆ ಬರೆಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಅವರ ಹೊಸ ಕನಸಿನಲ್ಲೂ ಶಾರ್ಟ್ ಹಾಗೇ ಇತ್ತು. "ಎಣಿಸುದು ನಿಲ್ಲಿಸ್ತೇನೆ. ಸಸ್ಪೆನ್ಸಿಗೆ ಬರೀತೇನೆ. ಸಹಿ ಹಾಕ್ತೇನೆ. ಶಟರ್ ಎಳ್ದು ಹೊರಗೆ ಬರ್ತೇನೆ." ಬಸ್ಸು? "ಅದು ಹೋಗ್ಲಿ."

ದಿನಾ ಸಂಜೆ ದೀಪ ಇಟ್ಟ ಮೇಲೆ ಜಗಲಿಯಲ್ಲಿ ಕೂತು ಹತ್ತು ನಿಮಿಷ ಮಾಡಿದರು. ಆದರೆ ಹಗಲಿನಲ್ಲಿ ನಿಜವಾದ ಲೆಕ್ಕ ಮುಚ್ಚಿಟ್ಟುಕೊಂಡು ಕನಸಿನಲ್ಲಿ ಮಾತ್ರ ಸಸ್ಪೆನ್ಸಿಗೆ ಬರೆದರೆ ಎಷ್ಟು ದಿನ ಬಂದೀತು? ಇದನ್ನು ನಾನು ಹೇಳಬೇಕಾಗಲಿಲ್ಲ. ಮೂರನೇ ವಾರ ಅವರೇ ಶಾಂತಕ್ಕನನ್ನು ಕರೆದುಕೊಂಡು ಬಂದು, ನನ್ನ ಎದುರೇ ಹೇಳಿದರು.

ಶಾಂತಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನಣ್ಣನ ಲೆಕ್ಕ ನೀವು ಯಾಕೆ ಕಟ್ಟಿದ್ದು?" ಅಂದರು. ಮತ್ತೆ, "ಐದು ತಿಂಗಳು ನಾನು ಹಿರಿಯರ ದೋಷ ಅಂತ ತಿರುಗಿದ್ದೇನೆ. ನೀವು ಸುಮ್ಮನೆ ಹಿಂದೆ ಬಂದಿರಲ್ಲ." ಸಿಟ್ಟು ದುಡ್ಡಿನದ್ದಾಗಿರಲಿಲ್ಲ. ಅವತ್ತೇ ಮೆಟ್ಟಿಲು ಇಳಿಯುತ್ತಾ ಅಣ್ಣನಿಗೆ ಫೋನ್ ಹಚ್ಚಿದರು.

ಭಾವ ದುಡ್ಡು ತಿಂದಿರಲಿಲ್ಲ. ಶಾಮಿಯಾನದವನಿಗೆ ನೇರ ಕೈಯಿಂದ ₹11,000 ಕೊಟ್ಟು, ಬಿಲ್ಲು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಬಿಟ್ಟಿದ್ದರು. ಉಳಿದ ₹3,750 ಎಲ್ಲಿ ಹೋಯಿತು ಅಂತ ಅವರಿಗೂ ಗೊತ್ತಿಲ್ಲ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡು ಎರಡು ತಿಂಗಳು ಮನೆ ಕಡೆ ಬರಲಿಲ್ಲ. ಈಗ ಬರುತ್ತಾರೆ. ಮೊದಲಿನಷ್ಟು ಸಲಿಗೆ ಇಲ್ಲ.

ಲೆಕ್ಕವನ್ನು ಶ್ರೀಧರಣ್ಣ ತಿರುಗಿ ಬರೆದರು. ತಾನು ಕಟ್ಟಿದ್ದು ಕೈಸಾಲ ಅಂತ ತೋರಿಸಿ, ₹3,750 ಬರಬೇಕಾದದ್ದು ಅಂತ ಇಟ್ಟು ಮಹಾಸಭೆಯಲ್ಲಿ ಓದಿದರು. ಓದುವಾಗ ಕೈ ನಡುಗಿತಂತೆ. ಯಾರೂ ಅದರ ಬಗ್ಗೆ ಕೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಬಾಳೆಎಲೆಗೆ ಅಷ್ಟು ಖರ್ಚು ಹೇಗೆ ಬಂತು ಅಂತ ಅರ್ಧ ಗಂಟೆ ಗಲಾಟೆ ಮಾಡಿದರು.

ಆಟಿಯಲ್ಲಿ ಶಾಂತಕ್ಕ ಹಿರಿಯರಿಗೂ ಬಡಿಸಿದರು. ಹೇಗೂ ಪ್ರತಿವರ್ಷ ಮಾಡುವುದೇ, ಈ ಸಲ ಒಂದು ಎಲೆ ಜಾಸ್ತಿ ಇಟ್ಟೆ ಅಂದರು.

ಕನಸು ಪೂರ್ತಿ ಹೋಗಿಲ್ಲ. ಆಗಸ್ಟಿನಲ್ಲಿ ಎರಡು ಸಲ ಬಿತ್ತು, ಸೆಪ್ಟೆಂಬರಿನಲ್ಲಿ ಇಲ್ಲ. ಅಕ್ಟೋಬರಿನಲ್ಲಿ ಒಂದು ಸಲ ಬಿದ್ದಾಗ ಲೆಡ್ಜರು ತಂದು ತೋರಿಸಿದರು. ಶಟರ್ ಇತ್ತು, ಸ್ಪಂಜು ಒಣಗಿಯೇ ಇತ್ತು. ಹೊರಗೆ ಬಸ್ಸು ಇರಲಿಲ್ಲ, ಹೋಗಿಯಾಗಿತ್ತು. ಇವರು ಚೀಲ ಹೆಗಲಿಗೆ ಹಾಕಿಕೊಂಡು ಮಳೆ ನಿಂತ ರಸ್ತೆಯಲ್ಲಿ ಊರ ಕಡೆ ನಡೆಯುತ್ತಿದ್ದರಂತೆ. ಎಚ್ಚರವಾದಾಗ ಐದೂವರೆ. ಶಾರ್ಟ್ ಕಾಲಮ್ಮಿನಲ್ಲಿ ಒಂದು ಸಣ್ಣ ಗೀಟು ಎಳೆದಿದ್ದರು. "ಎಷ್ಟು ಅಂತ ಎಣಿಸ್ಲಿಲ್ಲ ಮೇಡಂ" ಅಂದರು.